ಗುರುವಾರದ ಬ್ಯಾಚು

ಶಾಲೆಯ ಕಂಪ್ಯೂಟರ್ ಕೋಣೆಯ ನೆಲ ಒರೆಸುವುದೆಂದರೆ ಆಯಾಗೆ ಮಂಡಿಯ ಮೇಲಿನ ಕೆಲಸ. ಉಳಿದ ಕೋಣೆಗಳಿಗೆ ನಿಂತೇ ಒರೆಸುವ ಕೋಲು ಸಾಕು. ಇಲ್ಲಿ ಮೇಜಿನ ಕೆಳಗೆಲ್ಲ ತಂತಿ. ಒಂದು ಹನಿ ನೀರು ಸೋಕಿದರೂ ಸಂಬಳದಲ್ಲಿ ಮುರಿದುಕೊಳ್ಳುತ್ತೇವೆ ಎಂದು ಕಂಪ್ಯೂಟರ್ ಮೇಷ್ಟ್ರು ಮೊದಲೇ ಹೇಳಿದ್ದರು. ಅದಕ್ಕೇ ಅವಳು ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಒಂದೊಂದು ತಂತಿಯನ್ನೂ ಮಲಗಿದ ಕೂಸಿನ ಕಾಲೆತ್ತುವಂತೆ ಎತ್ತಿ ಒರೆಸುತ್ತಿದ್ದಳು. ಏಳುವಾಗ ಮಾತ್ರ ಮೇಜು ಹಿಡಿಯದೆ ಏಳಲು ಆಗುತ್ತಿರಲಿಲ್ಲ.

ಏಳನೇ ತರಗತಿಯ ಪರೀಕ್ಷೆ ಆ ವರ್ಷದಿಂದ ಈ ಕಂಪ್ಯೂಟರುಗಳ ಮೇಲೆ. ಎಲ್ಲ ಸರ್ಕಾರಿ ಶಾಲೆಗಳಿಗೂ ಒಂದೇ ಪರೀಕ್ಷೆ. ಅಂಕ ಎಷ್ಟೇ ಬರಲಿ, ಬರೆದವರಿಗೆ ಯಾವುದಾದರೊಂದು ಹೈಸ್ಕೂಲಿನಲ್ಲಿ ಜಾಗ ಉಂಟು. ಬರೆಯದವರಿಗೆ ಇಲ್ಲ. ಅವರಿಗೆ ಶಾಲೆಯ ಹಿಂದೆಯೇ ಲಾಂಡ್ರಿ ಇದೆಯಲ್ಲ! ಆಸ್ಪತ್ರೆಗಳ ಮತ್ತು ಹೋಟೆಲುಗಳ ಬೆಡ್‌ಶೀಟು ಒಗೆಯುವ ದೊಡ್ಡ ಲಾಂಡ್ರಿ. ಎಷ್ಟು ಜನ ಬಂದರೂ ಅದು ಬೇಡ ಎನ್ನುವುದಿಲ್ಲ. ಆಯಾಳ ಗಂಡ ಅಲ್ಲಿನ ಕುದಿನೀರಿಗೆ ಬಲಗೈ ಕೊಟ್ಟು ಈಗ ಮನೆಯಲ್ಲಿ ಕೂತಿದ್ದ. ಮಗಳು ಈ ಸಲ ಏಳನೆಯದು. ಲೆಕ್ಕದಲ್ಲಿ ಚುರುಕು, ಓದುವಾಗ ತಡವರಿಸುತ್ತಾಳೆ. ಆ ಮಗು ಲಾಂಡ್ರಿಯ ಬಾಗಿಲು ತುಳಿಯಬಾರದು ಎಂಬುದೊಂದೇ ಆಯಾಳ ಹಟ.

ಪರೀಕ್ಷೆ ಶುರುವಾಗುವ ಮುಂಚಿನ ಶನಿವಾರ ಹೆಡ್‌ಮಾಸ್ಟರು ಅವಳನ್ನು ಕರೆಸಿದರು. ಎಂದೂ ಇಲ್ಲದ್ದು, ಕುರ್ಚಿ ತೋರಿಸಿದರು.

"ಕೂತ್ಕೊಳ್ಳಿ ಅಮ್ಮ. ಮಕ್ಕಳು ಜಾಸ್ತಿ, ಕಂಪ್ಯೂಟರ್ ಕಮ್ಮಿ. ಬ್ಯಾಚ್ ಮಾಡಿ ಬರೆಸ್ಬೇಕು. ನಿಮ್ಮ ಲಾಂಡ್ರಿ ಲೈನಿನ ಮಕ್ಕಳದ್ದು ಗುರುವಾರ ಇಟ್ಟಿದ್ದೀನಿ. ಅಲ್ಲೀವರೆಗೆ ಅವರನ್ನ ಶಾಲೆಗೆ ಕಳಿಸೋದು ಬೇಡ, ಸುಮ್ನೆ ಗಲಾಟೆ. ಮನೆಮನೆಗೆ ಹೋಗಿ ಹೇಳ್ತೀರಾ? ನೀವು ಹೇಳಿದ್ರೆ ಕೇಳ್ತಾರೆ."

'ಬಾರಮ್ಮ ಹೋಗಮ್ಮ' ಎನ್ನುವ ಬಾಯಲ್ಲಿ 'ನೀವು' ಕೇಳಿ ಆಯಾ ಹಿಗ್ಗಿ ಹೀರೇಕಾಯಿಯಾದಳು. ಅವತ್ತು ಸಂಜೆ ಲಾಂಡ್ರಿ ಕೆಲಸಗಾರರ ಲೈನುಮನೆಗಳ ಬಾಗಿಲು ಬಾಗಿಲಿಗೂ ಹೋದಳು. "ಗುರುವಾರ ಕಣ್ರೇ, ಮರೀಬೇಡಿ. ತಲೆ ಬಾಚಿ, ಹೊಟ್ಟೆಗೆ ಹಾಕಿ ಕಳಿಸಿ" ಎಂದು ತಾನೇ ಹೆಡ್‌ಮಾಸ್ಟರಾದಂತೆ ಅಪ್ಪಣೆ ಕೊಟ್ಟಳು. ತನ್ನ ಮಗಳನ್ನೂ ಮನೆಯಲ್ಲೇ ಇರಿಸಿಕೊಂಡಳು. ಹಾಗೆ ನಂಬಿದಳು, ಪಾಪ.

ಬುಧವಾರ ಸಂಜೆ ಕಂಪ್ಯೂಟರ್ ಮೇಷ್ಟ್ರು ಮಷೀನುಗಳಿಗೆಲ್ಲ ಪ್ಲಾಸ್ಟಿಕ್ ಹೊದಿಕೆ ಹಾಕುತ್ತಿದ್ದರು.

"ನಾಳೆ ನಮ್ಮ ಮಕ್ಕಳದ್ದಿದೆಯಲ್ಲ ಸರ್?"

"ನನ್ನನ್ನೇನೂ ಕೇಳ್ಬೇಡ. ನಾನು ನಾಳೆಯಿಂದ ರಜ" ಎಂದರು, ಮುಖ ಎತ್ತದೆ.

ಗುರುವಾರ ಬೆಳಿಗ್ಗೆ ಲೈನಿನ ಮಕ್ಕಳೆಲ್ಲ ಬಂದರು. ಎಣ್ಣೆ ಹಚ್ಚಿ ಬಾಚಿದ ತಲೆಗಳು. ಕೋಣೆಗೆ ಹೊಸ ಬೀಗ. ಹೆಡ್‌ಮಾಸ್ಟರು ಬಂದವರು ಆಶ್ಚರ್ಯಪಟ್ಟಂತೆ ಮುಖ ಮಾಡಿದರು.

"ಪರೀಕ್ಷೆ ನಿನ್ನೇನೇ ಮುಗೀತಲ್ಲ? ಇವರೆಲ್ಲ ಆಬ್ಸೆಂಟು."

ಸುದ್ದಿ ಲಾಂಡ್ರಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಊಟದ ಬಿಡುವಿನಲ್ಲಿ ಅಪ್ಪ ಅಮ್ಮಂದಿರು ಒದ್ದೆ ಸೆರಗು, ಒದ್ದೆ ಪ್ಯಾಂಟಿನಲ್ಲೇ ಓಡಿಬಂದರು. ಹೆಡ್‌ಮಾಸ್ಟರು ಆಯಾಳನ್ನೂ ಅವಳ ಮಗಳನ್ನೂ ಪಕ್ಕದ ತಮ್ಮ ಕೋಣೆಯೊಳಗೆ ಕರೆದು ಬಾಗಿಲು ಮುಂದೆ ಮಾಡಿದರು.

"ನೋಡಿ, ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಬರೆದ ಮಕ್ಕಳ ಅಂಕ ಮಾತ್ರ ಸರಾಸರಿಗೆ ತಗೋತಾರೆ. ಈ ಸಲ ಸರಾಸರಿ ಬಿದ್ರೆ ಶಾಲೆ ಮುಚ್ತಾರೆ. ಈ ಮಕ್ಕಳನ್ನ ಕೂರಿಸಿದ್ರೆ ಬಿದ್ದ ಹಾಗೇನೇ. ಶಾಲೆ ಮುಚ್ಚಿದ್ರೆ ನೀವೇನು ಮಾಡ್ತೀರಿ? ಕೈ ಸುಟ್ಟುಕೊಂಡ ಗಂಡನ್ನ ಹೇಗೆ ಸಾಕ್ತೀರಿ?"

ಆಯಾ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಕಂಪ್ಯೂಟರಲ್ಲಿ ಇವತ್ತು ಸಂಜೆವರೆಗೆ ಪರೀಕ್ಷೆ ತೆರೆದಿರುತ್ತೆ. ನಿಮ್ಮ ಮಗಳನ್ನ ಈಗಲೇ ಕೂರಿಸ್ತೀನಿ. ನೀವು ಹೊರಗೆ ಹೋಗಿ, 'ವಾರ ತಪ್ಪಿ ಹೇಳಿದ್ದು ನಾನೇ' ಅಂದ್ಬಿಡಿ. ಅಷ್ಟೇ."

"ಸಂಜೆವರೆಗೆ ಇದೆ ಅಂದ್ರೆ ಎಲ್ಲರೂ ಬರೀಬಹುದಲ್ಲ ಸರ್?"

"ಎಲ್ಲರಿಗೂ ಆಗಲ್ಲ. ನಿಮ್ಮ ಮಗಳು ಬರೀಬೇಕೋ ಬೇಡವೋ?"

ಯಾವ ತಾಯಿ ಬೇಡ ಎನ್ನುತ್ತಾಳೆ? ಹೆಡ್‌ಮಾಸ್ಟರು ತಾವೇ ಕಂಪ್ಯೂಟರ್ ಕೋಣೆಗಿದ್ದ ಒಳಬಾಗಿಲ ಬೀಗ ತೆಗೆದು, ಹೊದಿಕೆ ಸರಿಸಿ, ಪಾಸ್‌ವರ್ಡ್ ಒತ್ತಿ ಹುಡುಗಿಯನ್ನು ಕೂರಿಸಿದರು. ಪಕ್ಕದ ಮಷೀನುಗಳೆಲ್ಲ ಮುಸುಕು ಹೊದ್ದು ಕೂತಿದ್ದವು. ಮಗಳು ಒಮ್ಮೆ ತಿರುಗಿ ಅಮ್ಮನ ಮುಖ ನೋಡಿದಳು. "ಬರಿ" ಎಂದಳು ಆಯಾ. ವರಾಂಡಕ್ಕೆ ಹೋಗುವ ಆ ನಾಲ್ಕು ಹೆಜ್ಜೆ ಅವಳಿಗೆ ಸಾಕುಸಾಕಾಯಿತು.

ಹೊರಗೆ ಎಲ್ಲರಿಗಿಂತ ಮುಂದೆ ಇಸ್ತ್ರಿ ಅಕ್ಕ ನಿಂತಿದ್ದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಮೊಣಕೈವರೆಗೆ ಹಬೆಯ ಸುಟ್ಟಗಾಯ. ಅವಳ ಮಗ, ಕುಳ್ಳ, ಅಮ್ಮನ ಸೆರಗು ಹಿಡಿದಿದ್ದ.

"ಗುರುವಾರ ಅಂದೋಳು ನೀನೇ ತಾನೇನೇ?"

"ನಾನೇ ಅಕ್ಕ."

"ಮತ್ತೆ ಇವರು ನಿನ್ನೆ ಅಂತಾರಲ್ಲ?"

ಆಯಾ ನೆಲ ನೋಡಿದಳು. ಬೆನ್ನ ಹಿಂದೆ, ಬಾಗಿಲಲ್ಲಿ, ಹೆಡ್‌ಮಾಸ್ಟರು ಕೆಮ್ಮಿದರು.

"ವಾರ... ವಾರ ತಪ್ಪಿ ಹೇಳ್ಬಿಟ್ಟೆ ಅಕ್ಕ. ನಂದೇ ತಪ್ಪು."

ಉಗಿಯುತ್ತಾಳೆ, ಜುಟ್ಟು ಹಿಡಿಯುತ್ತಾಳೆ ಎಂದುಕೊಂಡಿದ್ದಳು ಆಯಾ. ಇಸ್ತ್ರಿ ಅಕ್ಕ ಹಾಗೇನೂ ಮಾಡಲಿಲ್ಲ.

"ಹೋಗ್ಲಿ ಬಿಡೇ. ನಿನಗೇನು ಮನೇಲಿ ಕಮ್ಮಿ ತಾಪತ್ರಯಾನಾ? ಬೇಕೂಂತ ಮಾಡ್ತೀಯಾ ನೀನು?" ಎಂದವಳೇ ಮಗನ ತಲೆ ಸವರಿದಳು. "ಬಾರೋ ಮಗ. ನಾಳೆಯಿಂದ ನನ್ ಜೊತೇಲೇ ಬಾ. ಬೆಡ್‌ಶೀಟ್ ಮಡಚೋದು ಹೇಳ್ಕೊಡ್ತೀನಿ. ಅದೇನು ಕಷ್ಟ ಇಲ್ಲ."

ಕುಳ್ಳ ತಲೆಯಾಡಿಸಿದ. ಅಳಲೂ ಇಲ್ಲ.

ಬೈದಿದ್ದರೆ ಆಯಾ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ.

"ಹೋಗ್ಬೇಡ ಅಕ್ಕ! ಸುಳ್ಳು ಹೇಳ್ದೆ. ನಾನು ವಾರ ತಪ್ಪಿ ಹೇಳಿಲ್ಲ. ಗುರುವಾರ ಅಂತ ಹೇಳು ಅಂತ ಇವರೇ ಕಳಿಸಿದ್ರು. ನಮ್ಮ ಮಕ್ಕಳು ಬರೆದ್ರೆ ಶಾಲೆ ಸರಾಸರಿ ಬೀಳುತ್ತಂತೆ! ಪರೀಕ್ಷೆ ಇನ್ನೂ ಮುಗಿದಿಲ್ಲ. ಸಂಜೆವರೆಗೆ ಇದೆ. ಒಳಗೆ ನೋಡಿ, ನನ್ನ ಮಗಳು ಬರೀತಿದ್ದಾಳೆ. ಈ ಸುಳ್ಳಿಗೆ ಕೊಟ್ಟ ಕೂಲಿ ಅದು!"

ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಒಂದು ಹುಡುಗಿ, ಒಂದು ಬೆಳಕು. ಉಳಿದದ್ದೆಲ್ಲ ಖಾಲಿ ಕುರ್ಚಿ.

"ಉಂಡ ಮನೆಗೆ ಎರಡು ಬಗೀತೀಯಾ?" ಹೆಡ್‌ಮಾಸ್ಟರ 'ನೀವು' ಅಲ್ಲಿಗೆ ಮುಗಿಯಿತು. ದುಡುದುಡು ಒಳಗೆ ಹೋದವರೇ ಗೋಡೆಯ ಮೇಲಿನ ಮೇನ್ ಸ್ವಿಚ್ ಎಳೆದರು. ಪರದೆ ಕಪ್ಪಾಯಿತು.

"ಅಮ್ಮಾ! ಇನ್ನೂ ಲೆಕ್ಕ ಬಾಕಿ ಇತ್ತು!" ಮಗಳು ಚೀರಿದಳು.

ಆ ಕೂಗಿಗೆ ವರಾಂಡ ಪೂರ್ತಿ ಒಳಗೆ ನುಗ್ಗಿತು. ಒದ್ದೆ ಕಾಲುಗಳು, ತಂತಿಗಳ ಮೇಲೆ ನೀರು. ಆಯಾ ಅದನ್ನು ಒರೆಸಲು ಬಗ್ಗಲಿಲ್ಲ. ಇಸ್ತ್ರಿ ಅಕ್ಕ ಹೆಡ್‌ಮಾಸ್ಟರ ಪಕ್ಕದಿಂದ ಕೈ ಚಾಚಿ ಸ್ವಿಚ್ಚನ್ನು ಮೇಲೆತ್ತಿದಳು. ಯಾರೋ ಹೊದಿಕೆಗಳನ್ನು ಕಿತ್ತರು. ಕುಳ್ಳ ಒಂದು ಕುರ್ಚಿ ಹಿಡಿದ. ಉಳಿದ ಮಕ್ಕಳು ತಲಾ ಒಂದು ಹಿಡಿದರು. ಕುರ್ಚಿ ಸಿಗದವರು ಹಿಂದೆ ಸಾಲು ನಿಂತರು. ಮಷೀನುಗಳು ಒಂದೊಂದಾಗಿ ಕಣ್ಣು ಬಿಟ್ಟು ಪಾಸ್‌ವರ್ಡ್ ಕೇಳಿದವು.

"ಅದನ್ನ ಹೇಳಿ ಸರ್" ಎಂದಳು ಇಸ್ತ್ರಿ ಅಕ್ಕ.

ಹೆಡ್‌ಮಾಸ್ಟರು ಗೋಡೆಯ ಗಡಿಯಾರ ನೋಡಿದರು. ಬಿಡುವು ಮುಗಿದರೆ ಇವರೆಲ್ಲ ಹೊರಡಲೇಬೇಕು ಎಂಬುದು ಅವರ ಲೆಕ್ಕ. ಅಷ್ಟರಲ್ಲಿ ಲಾಂಡ್ರಿಯ ಸೈರನ್ ಕೂಗಿತು. ಊಟದ ಬಿಡುವು ಮುಗಿಯಿತು. ಈಗ ಹೋಗದವರಿಗೆ ಇವತ್ತಿನ ಕೂಲಿ ಇಲ್ಲ, ನಾಳೆ ಕೆಲಸವೂ ಇರುತ್ತದೋ ಇಲ್ಲವೋ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೈರನ್ ಕೂಗಿ ಕೂಗಿ ನಿಂತಿತು. ಯಾರೂ ಕದಲಲಿಲ್ಲ.

ಆಯಾ ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಸಂಜೆವರೆಗೆ ಹೊತ್ತಿದೆ ಸರ್" ಎಂದಳು. "ಕೂತ್ಕೊಂಡು ಹೇಳಿ."