ಬಿಸಿಲು ಕಂಡ ಸೀಸೆ

"ಇನ್ನೊಮ್ಮೆ ಹಾಕಿ ನೋಡುವ," ಎಂದ ರಿತೇಶ್. ಇದು ನಾಲ್ಕನೆಯ ಸಲ. ಕಾರ್ಕಳದ ಲ್ಯಾಬಿನ ಯಂತ್ರ ಹಟ ಬಿಡಲಿಲ್ಲ. ಯಂತ್ರದ ತಪಾಸಣೆಗೆ ಬಂದ ಅವನು ಮಣಿಪಾಲದಿಂದ ತಂದ ಹೊಸ ಸೀಸೆಯ ಮಣಿಗಳನ್ನು ಇರಬೇಕಾದದ್ದಕ್ಕಿಂತ ಹೆಚ್ಚು ಹೊಳಪಾಗಿಯೇ ತೋರಿಸಿತು. ಟೆಕ್ನಿಷಿಯನ್ ಸ್ವರ್ಣಲತಾ ಆಗಲೇ ತೊಳೆದ ಕೈಯನ್ನು ಮತ್ತೆ ತೊಳೆದಳು.

ಮೈ ತನ್ನನ್ನು ತಾನೇ ಶತ್ರುವೆಂದು ಕಡಿಯುವ ಕಾಯಿಲೆಯ ಸಂಶೋಧನೆ ಅದು. ಮಣಿಪಾಲ, ಕಾಪು, ಕಾರ್ಕಳ, ಮೂರೂ ಕಡೆಯ ಯಂತ್ರಗಳು ರೋಗಿಗಳ ರಕ್ತವನ್ನು ಒಂದೇ ಕಣ್ಣಿನಿಂದ ನೋಡಬೇಕು. ಅದಕ್ಕೇ ಈ ಹೊಳೆಯುವ ಸೂಕ್ಷ್ಮ ಮಣಿಗಳು. ಅವು ಮಂಕಾಗಿ ಕಂಡರೆ ಯಂತ್ರದ ಕಣ್ಣನ್ನು ಚುರುಕು ಮಾಡಬೇಕು. ಜನವರಿಯಲ್ಲಿ ಆಗಿನ ಸೀಸೆಯ ಮಣಿಗಳು ಮಂಕಾಗಿ ಕಂಡಾಗ ಸ್ವರ್ಣಲತಾ ಮಾಡಿದ್ದೂ ಅದನ್ನೇ.

"ಯಂತ್ರ ಈ ವಾರ ಕೆಟ್ಟದ್ದು ಅಂತ ಬರೆಯುವ ಮೇಡಂ. ಹಿಂದಿನ ನಲವತ್ತು ಮಂದಿಯ ರಿಪೋರ್ಟ್ ಉಳೀತದೆ. ಜನವರಿಯಿಂದಲೇ ತಪ್ಪು ಅಂತಾದ್ರೆ ಎಲ್ಲ ಬಿಸಾಡಬೇಕು. ಆಗ ಸೀಸೆ ನೀವೇ ಅಲ್ವಾ ತಂದದ್ದು?" ಎಂದ ರಿತೇಶ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಕೈ ತಾನಾಗಿ ಮೇಜಿನ ಖಾನೆಗೆ ಹೋಯಿತು. 'ಖುದ್ದಾಗಿ, ಮುಚ್ಚಿದ ಡಬ್ಬದಲ್ಲಿ ತಂದಿದ್ದೇನೆ' ಎಂದು ಸಹಿ ಹಾಕಿದ ಕಾಗದ ಅಲ್ಲಿತ್ತು.

ನಿಜಕ್ಕೂ ತಂದದ್ದು ಬಸ್ಸು. ಈ ಕಡೆ ಯಾವುದು ತಾನೇ ಬಸ್ಸಿನಲ್ಲಿ ಹೋಗುವುದಿಲ್ಲ? ಶಿರ್ವದ ಮಲ್ಲಿಗೆ, ಮರೆತ ಕನ್ನಡಕ, ಅಜ್ಜಿಯ ಮದ್ದು, ಎಲ್ಲ ಕಂಡಕ್ಟರನ ಕೈಗೆ ಕೊಟ್ಟರಾಯಿತು. ಕಂಡಕ್ಟರ್ ತಾರಾನಾಥ ಮುತುವರ್ಜಿಯಿಂದಲೇ ತಲುಪಿಸಿದ್ದ. "ಡಬ್ಬ ಉರುಳ್ತಾ ಇತ್ತು ಅಕ್ಕ. ಒಡೆದೀತು ಅಂತ ಸೀಸೆ ಹೊರಗೆ ತೆಗೆದು ಎದುರಿನ ಗ್ಲಾಸಿನ ಹತ್ತಿರ, ದೇವರ ಫೋಟೋಕ್ಕೆ ತಾಗಿಸಿ ಇಟ್ಟೆ." ದಾರಿಯುದ್ದಕ್ಕೂ ಉರಿಬಿಸಿಲು. ಬೆಳಕಿಗೆ ಬಣ್ಣ ಕಳೆದುಕೊಳ್ಳುವ ಮಣಿಗಳು ಅವು. ಒಂದು ಗಂಟೆಯಲ್ಲಿ ಏನು ಮಹಾ ಎಂದು ಅವಳು ಥ್ಯಾಂಕ್ಸ್ ಹೇಳಿ ಬಂದಿದ್ದಳು. ಬಣ್ಣ ಮಾಸಿದ ಆ ಮಣಿಗಳಿಗೆ ಹೊಂದಿಸಿದ ಯಂತ್ರ ಅಂದಿನಿಂದ ಎಲ್ಲರ ರಕ್ತವನ್ನೂ ಹೆಚ್ಚು ಹೊಳಪಾಗಿ ತೋರಿಸುತ್ತಿತ್ತು.

ಬಾಗಿಲಾಚೆ ಬೆಂಚಿನ ಮೇಲೆ ಭಾಗವ್ವ ಊದಿದ ಬೆರಳುಗಳನ್ನು ಒತ್ತಿಕೊಳ್ಳುತ್ತ ಕೂತಿದ್ದಳು. ಬಾಗಲಕೋಟೆ ಕಡೆಯಿಂದ ಕಲ್ಲುಕೋರೆಯ ಕೆಲಸಕ್ಕೆ ಬಂದವಳು. ಆ ನಲವತ್ತರಲ್ಲಿ ಒಬ್ಬಳು. ಅವಳ ಮುಖ ನೋಡಿ ಸ್ವರ್ಣಲತಾ ಖಾನೆ ಎಳೆದಳು.

"ಬರೆಯಬೇಡಿ ರಿತೇಶ್. ಯಂತ್ರ ಕೆಟ್ಟದ್ದಲ್ಲ, ಕೆಡಿಸಿದ್ದು ನಾನು." ಖಾನೆಯ ಕಾಗದ ತೆಗೆದು ಅವನ ಮುಂದಿಟ್ಟು ಎಲ್ಲ ಹೇಳಿದಳು.

"ಎಂತ ಮಾರಾಯ್ರೇ ನೀವು! ಕೆಲಸ ಹೋದರೆ?"

"ಹೋಗಬಹುದು. ಮೊದಲು ಹೊಸ ಸೀಸೆಗೆ ಸರಿಯಾಗಿ ಯಂತ್ರ ಹೊಂದಿಸಿ."

ಹೊರಗೆ ಬಂದು ಭಾಗವ್ವನ ಪಕ್ಕದಲ್ಲೇ ಕೂತಳು. ಕೊಟ್ಟ ರಕ್ತವೆಲ್ಲ ವ್ಯರ್ಥವಾಯಿತು, ತಪ್ಪು ನನ್ನದು ಎಂದಳು.

"ಮೂರು ಸಲ ಕೆಲಸಾ ಬಿಟ್ಟು ಬಂದೀನ್ರೀ ಅಕ್ಕಾರ." ಭಾಗವ್ವನ ದನಿ ಏರಲಿಲ್ಲ, ಬೈದಿದ್ದರೆ ವಾಸಿಯಿತ್ತು. ಬಳೆಗಳನ್ನು ಮೇಲೆ ಸರಿಸಿ ಕೈ ಚಾಚಿದಳು. "ಇವತ್ತಿಂದರ ಖರೇ ಬರತೈತೇನ್ರೀ?"

"ಬರ್ತದೆ."

ರಕ್ತಕ್ಕೇನೂ ಬಿಸಿಲಿನ ಭಯವಿಲ್ಲ. ಆದರೂ ಬೆಂಚಿನಿಂದ ಯಂತ್ರದವರೆಗಿನ ಹತ್ತು ಹೆಜ್ಜೆಯಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ, ಸ್ವರ್ಣಲತಾ ಆ ಸಣ್ಣ ಟ್ಯೂಬನ್ನು ಸೆರಗಿನೊಳಗೆ ಮುಚ್ಚಿಕೊಂಡು ನಡೆದಳು.