ಬಿರುಗಾಳಿ ಬರುತ್ತಿದೆ, ಸಜ್ಜಾಗಿ

ಓಸ್ಲೋದ ಕಚೇರಿಯಲ್ಲಿ ಕುಳಿತ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ಈ ಸಲದ ಫ್ಲೂ ಲಸಿಕೆಯ ಪೋಸ್ಟರಿನಲ್ಲಿ ಕಪ್ಪು ಮೋಡ, ಎದ್ದ ಅಲೆ, ಕೆಳಗೆ ದಪ್ಪಕ್ಷರ: ‘ಬಿರುಗಾಳಿ ಬರುತ್ತಿದೆ, ಸಜ್ಜಾಗಿ.’ ನರ್ಸ್ ಬೋರ್ಗಿಲ್ ಅದನ್ನು ಉತ್ತರದ ಕಡಲತೀರದ ತನ್ನ ಊರಿನ ಮೀನುಕಟ್ಟೆಗೆ, ಅಂಗಡಿಗೆ, ಚರ್ಚಿನ ಬಾಗಿಲಿಗೆ ತಾನೇ ಅಂಟಿಸಿ ಬಂದಳು. ಲಸಿಕೆಯ ದಿನ ಊರಿನ ಸಭಾಭವನದಲ್ಲಿ ದೊಡ್ಡ ಪಾತ್ರೆ ತುಂಬ ಕಾಫಿ ಕಾಯಿಸಿಟ್ಟು ಕಾದಳು. ಬಂದವರು ಶಾಲೆಯ ಮೇಷ್ಟರು ಮತ್ತು ಅವರ ಹೆಂಡತಿ, ಅಷ್ಟೆ. ಅವರಿಬ್ಬರೂ ದಕ್ಷಿಣದ ಕಡೆಯವರು, ಕಡಲಿನವರಲ್ಲ.

ಬೋರ್ಗಿಲ್‌ಗೆ ಮೈಯೆಲ್ಲ ಉರಿಯಿತು. ಔಷಧದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಮನೆಮನೆಗೆ ಹೊರಟಳು. ಮೊದಲು ಸಿಕ್ಕವನು ಮುದುಕ ಮೀನುಗಾರ ಆಂಟೋನ್. ಕಿಟಕಿಯ ಬಳಿ ಹಾಯಾಗಿ ಕುಳಿತಿದ್ದ. ಪೋಸ್ಟರ್ ಓದಿದ್ದೇನೆ, ಸಜ್ಜಾಗಿಯೂ ಇದ್ದೇನೆ ಎಂದ. ಸೌದೆ ತಂದಿಟ್ಟಿದ್ದಾನೆ, ಒಣಮೀನು ಇದೆ, ಜ್ವರದ ಕಾಲ ಮುಗಿಯುವವರೆಗೆ ಹೊಸ್ತಿಲು ದಾಟುವುದಿಲ್ಲವಂತೆ. ಬಿರುಗಾಳಿಗೆ ಯಾರಾದರೂ ಮನೆ ಬಿಟ್ಟು ಹೊರಡುತ್ತಾರೆಯೇ ಎಂದು ಅವಳನ್ನೇ ಕೇಳಿದ. ಉಳಿದ ಮನೆಗಳಲ್ಲೂ ಇದೇ ಮಾತು. ಇವರೇನೂ ದಡ್ಡರಲ್ಲ. ಕಡಲಿನವರು ಬಿರುಗಾಳಿಗೆ ಏನು ಮಾಡುತ್ತಾರೋ ಅದನ್ನೇ ಮಾಡಿದ್ದರು: ಬಾಗಿಲು ಹಾಕಿ ಕೂರುವುದು, ಹೋಗುವವರು ಹೋದರೆ ಅಳುವುದು.

ಕೊನೆಗೆ ದೊಡ್ಡಮ್ಮ ಹಾನ್ಸಿನೆಯ ಮನೆ. ತಾಯಿಯಿಲ್ಲದ ಬೋರ್ಗಿಲ್‌ಳನ್ನು ಸಾಕಿದವಳು ಇವಳೇ. ಹೋದ ಚಳಿಗಾಲದ ಫ್ಲೂನಲ್ಲಿ ದೊಡ್ಡಪ್ಪ ತೀರಿಕೊಂಡರು, ದೊಡ್ಡಮ್ಮ ಹೇಗೋ ಉಳಿದಳು. ಈಗ ಅಡುಗೆಮನೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಏದುಸಿರು.

ಬೋರ್ಗಿಲ್ ಕಡಲಿನವರ ಭಾಷೆಯಲ್ಲೇ ಹೇಳಿನೋಡಿದಳು. ಗಾಳಿ ಇನ್ನೂ ಬಂದಿಲ್ಲ, ಲಸಿಕೆ ಅಂದರೆ ದೋಣಿಗೆ ಇನ್ನೊಂದು ಹಗ್ಗ ಬಿಗಿದ ಹಾಗೆ ಎಂದಳು.

ಹಾನ್ಸಿನೆ ಹೆಣಿಗೆಯಿಂದ ತಲೆ ಎತ್ತಲಿಲ್ಲ. “ಹಗ್ಗ ಬಿಗಿಯೋದನ್ನ ನಿಂಗೆ ಕಲಿಸಿದ್ದೇ ನಾನು ಕಣೇ. ಗಾಳಿ ಜೋರಾದ್ರೆ ಎಷ್ಟು ಹಗ್ಗ ಇದ್ರೂ ಅಷ್ಟೆ. ನಿಮ್ಮಪ್ಪನ ದೋಣಿ ಹೋಗ್ಲಿಲ್ವಾ?”

ಬೋರ್ಗಿಲ್ ಕುರ್ಚಿ ಎಳೆದುಕೊಂಡು ಎದುರಿಗೇ ಕುಳಿತಳು.

“ಗಾಳಿನೂ ಇಲ್ಲ, ದೋಣಿನೂ ಇಲ್ಲ ದೊಡ್ಡಮ್ಮ. ಇದು ಕಾಯಿಲೆ. ಅವತ್ತು ಆಸ್ಪತ್ರೇಲಿ ನಿನ್ನ ತುಟಿ ನೀಲಿಯಾಗಿತ್ತು. ಇನ್ನೊಂದು ಸಲ ಬಂದ್ರೆ ನಿನ್ನ ಎದೆ ತಡ್ಕೊಳಲ್ಲ. ಚುಚ್ಚಿಸ್ಕೊಂಡ್ರೆ ಕಾಯಿಲೆ ಬರೋದೇ ಇಲ್ಲ ಅಂತ ಆಣೆ ಮಾಡಲ್ಲ. ಆದ್ರೆ ಉಳಿಯೋದಕ್ಕೆ ದಾರಿ ಇದೊಂದೇ ನಂಗೆ ಕಾಣ್ತಿರೋದು. ದೊಡ್ಡಪ್ಪನ್ನ ಕಳಿಸಿಕೊಟ್ಟೆ. ನಿನ್ನ ಕಳಿಸಿಕೊಡೋದು ನನ್ನ ಕೈಲಾಗಲ್ಲ. ನೀನು ಹೂಂ ಅನ್ನೋವರೆಗೂ ನಾನಿಲ್ಲಿಂದ ಏಳಲ್ಲ.”

ಒಲೆಯ ಮೇಲಿನ ನೀರು ಕುದಿದು ಕುದಿದು ಅರ್ಧವಾಯಿತು. ಇಬ್ಬರೂ ಏಳಲಿಲ್ಲ. ಬೋರ್ಗಿಲ್ ಕಣ್ಣೊರೆಸಿಕೊಂಡಳೇ ಹೊರತು ಕುರ್ಚಿ ಬಿಡಲಿಲ್ಲ.

ಹಾನ್ಸಿನೆ ಹೆಣಿಗೆ ಪಕ್ಕಕ್ಕಿಟ್ಟು ಕೋಟು ಕೇಳಿದಳು. ಔಷಧ ಇಲ್ಲಿಗೇ ತರುತ್ತೇನೆ, ಈ ಚಳಿಯಲ್ಲಿ ನಡೆಯಬೇಡ ಎಂದು ಬೋರ್ಗಿಲ್ ಎಷ್ಟು ಹೇಳಿದರೂ ಕೇಳಲಿಲ್ಲ. ಅವಳ ತೋಳು ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ ಸಭಾಭವನಕ್ಕೆಂದು ಬೀದಿಗಿಳಿದಳು. ಆಂಟೋನ್‌ನ ಕಿಟಕಿಯ ಎದುರು ನಿಂತು ಗಾಜು ಬಡಿದಳು.

“ಎದ್ದು ಬಾರೋ ಆಂಟೋನ್. ಈ ಹುಡುಗಿಗೆ ಇನ್ನೊಬ್ಬರನ್ನ ಮಣ್ಣು ಮಾಡೋ ಶಕ್ತಿ ಇಲ್ಲ.”