ಹೊಳೆಯಾಚೆಯ ಮುಳ್ಳುಹೂ

ಪ್ರೀತಿ ಹುಟ್ಟಿದ್ದೇ ದಕ್ಷಿಣ ಫ್ರಾನ್ಸಿನ ನಮ್ಮ ಸೀಮೆಯಲ್ಲಿ ಅಂತೆ! ಎಂಟುನೂರು ವರ್ಷದ ಹಿಂದೆ ಕೋಟೆಯಿಂದ ಕೋಟೆಗೆ ಅಲೆಯುತ್ತಿದ್ದ ಹಾಡುಗಾರರು, 'ದೂರದಿಂದಲೇ ಆರಾಧಿಸು, ಬಾಯಿ ಮಾತ್ರ ಬಿಡಬೇಡ' ಎಂದು ಜಗತ್ತಿಗೆಲ್ಲ ಕಲಿಸಿದರಂತೆ. ತುಲೂಸ್‌ನ ಕಾಲೇಜಿನಲ್ಲಿ ಮೇಷ್ಟ್ರು ಹೇಳಿದ್ದನ್ನು ರಜೆಗೆ ಬಂದಾಗ ಒಡೆಟ್ ಅಜ್ಜಿಗೆ ಒಪ್ಪಿಸಿದೆ. ಅವಳು ಬೀನ್ಸ್ ಕಾಳು ಬಿಡಿಸುತ್ತಾ ನಕ್ಕಳು.

"ಯಾರು ಹುಟ್ಟಿಸಿದ್ರೋ ಏನೋ, ನಂಗೆ ಸಿಕ್ಕಿದ್ದು ಬರೀ ಮುಳ್ಳು ಕಣೇ."

ಅಜ್ಜಿಯ ಹರೆಯದ ಕಾಲದಲ್ಲಿ ಮೇ ಒಂದರ ಬೆಳಿಗ್ಗೆ ಹುಡುಗರು ಹುಡುಗಿಯರ ಬಾಗಿಲಿಗೆ ಕೊಂಬೆ ಕಟ್ಟುತ್ತಿದ್ದರು. ಯಾವ ಕೊಂಬೆ ಎಂಬುದರಲ್ಲೇ ಎಲ್ಲ ಮಾತೂ ಇರುತ್ತಿತ್ತು. ಹದಿನೇಳರ ಅಜ್ಜಿಗೆ ಬಂದದ್ದು ಬಿಳಿ ಹೂವಿನ ಮುಳ್ಳುಕೊಂಬೆ. ನಮ್ಮೂರಲ್ಲಿ ಅದಕ್ಕೆ ಒಂದೇ ಅರ್ಥ, ಗಯ್ಯಾಳಿ. ಕಟ್ಟಿದವನು ಹೊಳೆಯಾಚೆಯ ಊರಿನ ಫೆರ್ನಾನ್. ಈಸ್ಟರ್ ಹಬ್ಬಕ್ಕೆ ಅವಳ ಜೊತೆ ಮೂರು ಸಲ ಕುಣಿದಿದ್ದವನು! ಅವನು ಬೀದಿಯಲ್ಲಿ ನಿಂತು ನೋಡುತ್ತಿದ್ದಂತೆಯೇ ಅಜ್ಜಿ ಕೊಂಬೆಯನ್ನು ಹಂದಿಗೂಡಿಗೆ ಎಸೆದಳು.

ಆಮೇಲೆ ಅಜ್ಜನನ್ನು ಮದುವೆಯಾದಳು. ಅಜ್ಜ ಒಳ್ಳೆಯವನು, ಹೋಗಿ ಏಳು ವರ್ಷವಾಯಿತು. ಆದರೆ ಅರವತ್ತೆರಡು ವರ್ಷದಲ್ಲಿ ಅಜ್ಜಿ ಸಂತೆಯಲ್ಲಿ ಫೆರ್ನಾನ್ ಜಡೆಯಂತೆ ಹೆಣೆದು ಮಾರುವ ಬೆಳ್ಳುಳ್ಳಿಯನ್ನು ಒಮ್ಮೆಯೂ ಮುಟ್ಟಿಲ್ಲ.

ಅಲ್ಲೇ ಕೂತು ಇಷ್ಟನ್ನೂ ಫೋನಿನಲ್ಲಿ ಕ್ಲಾಸಿನ ಗುಂಪಿಗೆ ಹಾಕಿದೆ. ಹೊಳೆಯಾಚೆಯ ಎಲೋಡಿಯಿಂದ ತಕ್ಷಣ ಉತ್ತರ ಬಂತು: "ಅಯ್ಯೋ! ನಮ್ಮೂರಲ್ಲಿ ಮುಳ್ಳುಹೂ ಅಂದ್ರೆ 'ನಿನ್ನಂಥವಳು ಇನ್ನೊಬ್ಬಳಿಲ್ಲ' ಅಂತ!"

ಓದಿ ಹೇಳಿದೆ.

"ಇನ್ನೊಂದ್ಸಲ ಓದು" ಎಂದಳು ಅಜ್ಜಿ. ಮೂರು ಸಲ ಓದಿಸಿದಳು. ಬೀನ್ಸ್ ಅರ್ಧಕ್ಕೇ ನಿಂತಿತು.

ಮರುದಿನ ಸಂತೆಗೆ ಹೊರಟಾಗ ಅಜ್ಜಿಯ ಕುತ್ತಿಗೆಯಲ್ಲಿ ಪೆಟ್ಟಿಗೆಯಿಂದ ತೆಗೆದ ನೀಲಿ ರೇಷ್ಮೆ ವಸ್ತ್ರ! ನೇರ ಫೆರ್ನಾನ್‌ನ ಮುಂದೆ ಹೋಗಿ ನಿಂತಳು.

"ಒಂದು ಜಡೆ ಬೆಳ್ಳುಳ್ಳಿ ಕೊಡು."

ಮುದುಕ ಕನ್ನಡಕ ಸರಿಮಾಡಿಕೊಂಡ. "ಒಡೆಟ್? ಯಾರಿಗೆ, ಹಂದಿಗಾ?"

"ನಂಗೇ ಕಣೋ, ಪೆದ್ದ. ಅವತ್ತು ಒಂದು ಮಾತು ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಕೊಂಬೆ ಕಟ್ಟಿದ್ನಲ್ಲೇ! ಬಾಯಿಬಿಟ್ಟು ಹೇಳೋದು ಮರ್ಯಾದೆನಾ?"

ಅಜ್ಜಿ ನನ್ನತ್ತ ತಿರುಗಿದಳು. "ಹಾಳಾಗ್ಹೋಗ್ಲಿ ನಿನ್ನ ಹಾಡುಗಾರರು!"

ಅವರನ್ನು ನಾನೇ ಸಾಕಿದ್ದೆನೇನೋ ಎಂಬಂತೆ.

ಫೆರ್ನಾನ್ ಇದ್ದುದರಲ್ಲೇ ಉದ್ದದ ಜಡೆ ಹುಡುಕಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅಜ್ಜಿ ಮನೆಗೆ ಬಂದವಳೇ ಅದನ್ನು ಬೀದಿ ಬಾಗಿಲಿಗೆ ಕಟ್ಟಿದಳು. ರಾತ್ರಿ ಸೂಪಿಗೆಂದು ಒಂದೇ ಒಂದು ಎಸಳು ಕೀಳಲು ಹೋದೆ. ಕೈಗೆ ಏಟು ಬಿತ್ತು.